ಡಿಸ್ಟ್ರಿಕ್ಟ್ ಹೀಟಿಂಗ್: ನದಿ, ಸೌದೆ, ಬಿಸಿಲು ಎಲ್ಲ ಇದ್ದರೂ ಶೇ 30ಕ್ಕೇ ಏಕೆ ನಿಲ್ಲುತ್ತದೆ?

ಜಾಲವಿನ್ಯಾಸ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಳಿಪ್ರದೇಶದ ಪಟ್ಟಣವೊಂದರ ಡಿಸ್ಟ್ರಿಕ್ಟ್ ಹೀಟಿಂಗ್ ಜಾಲವನ್ನು ಮಾದರಿಯಾಗಿ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೇನೆ. ಒಂದು ಕಡೆ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಊರಿಗೆಲ್ಲ ಕಳಿಸಿ, ತಣಿದ ನೀರನ್ನು ವಾಪಸ್ ತರುವ ಮಾಮೂಲಿ ವ್ಯವಸ್ಥೆ.

ಗರಿಷ್ಠ ಬೇಡಿಕೆ 20 ಮೆಗಾವ್ಯಾಟ್. ವರ್ಷಕ್ಕೆ 50 ಗಿಗಾವ್ಯಾಟ್‌ಗಂಟೆ. 180 ಸಬ್‌ಸ್ಟೇಷನ್ (ಜಾಲದ ಶಾಖವನ್ನು ಕಟ್ಟಡಕ್ಕೆ ಇಳಿಸಿಕೊಡುವ ಘಟಕ). ಕಡುಚಳಿಯಲ್ಲಿ ಸಪ್ಲೈ (ಹೋಗುವ ನೀರು) 95 ಡಿಗ್ರಿ, ರಿಟರ್ನ್ (ವಾಪಸ್ ಬರುವ ನೀರು) 60. ಬೇಸಿಗೆಯಲ್ಲಿ 75 ಮತ್ತು 55, ಆಗ ಬೇಡಿಕೆ 2 ಮೆಗಾವ್ಯಾಟ್ ಆಸುಪಾಸು. ಸದ್ಯ ಪೂರ್ತಿ ಗ್ಯಾಸ್ ಬಾಯ್ಲರ್.

ಹತ್ತಿರದಲ್ಲೇ ನದಿ ಇದೆ, ಮರದ ಚಿಪ್ಸ್ ಸಿಗುತ್ತದೆ, ಸೋಲಾರ್ ಕಲೆಕ್ಟರ್ ಹಾಕಲು ಊರ ಹೊರಗೆ ಜಾಗವೂ ಇದೆ. ಆದರೂ ಪ್ರಾಥಮಿಕ ವರದಿಯಲ್ಲಿ ನವೀಕರಿಸಬಹುದಾದ ಪಾಲು ಶೇ 30 ದಾಟುವುದಿಲ್ಲ. ಕಾರಣ ಎಂದು ಬರೆದಿರುವುದು ಒಂದೇ ಸಾಲು: ‘ತಾಂತ್ರಿಕ ಹಾಗೂ ಸಾಂಸ್ಥಿಕ ಅಡೆತಡೆಗಳು’. ಆ ಅಡೆತಡೆ ನಿಜವಾಗಿ ಎಲ್ಲಿದೆ? ‘ಬಂಡವಾಳ ಜಾಸ್ತಿ’ ಎಂಬ ಉತ್ತರ ದಯವಿಟ್ಟು ಬೇಡ, ಅದು ಗೊತ್ತಿರುವುದೇ.

---

ತಾಪಲೆಕ್ಕ

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ರಿಟರ್ನ್ 60. ಉಳಿದ ಅಂಕಿಗಳನ್ನೆಲ್ಲ ಆಮೇಲೆ ನೋಡಿದರಾಯಿತು.

ಗ್ಯಾಸ್ ಬಾಯ್ಲರಿಗೆ 95 ಆದರೂ ಒಂದೇ, 75 ಆದರೂ ಒಂದೇ. ಜ್ವಾಲೆಯ ತಾಪಮಾನ ಸಾವಿರ ಡಿಗ್ರಿಗೂ ಮೇಲೆ, ಅದಕ್ಕೇನು ಕಷ್ಟ? ಹೀಟ್ ಪಂಪ್ ಎಂದರೆ ನದಿಯಂಥ ತಣ್ಣನೆಯ ಮೂಲದ ಶಾಖವನ್ನು ವಿದ್ಯುತ್ ಬಳಸಿ ಮೇಲಿನ ತಾಪಮಾನಕ್ಕೆ ಎತ್ತುವ ಯಂತ್ರ. ಅದಕ್ಕೆ ಹಾಗಲ್ಲ, ಪ್ರತಿ ಡಿಗ್ರಿಗೂ ಬೆಲೆ ತೆರಬೇಕು. ಇವಾಪರೇಟರ್ (ಶಾಖ ಎಳೆದುಕೊಳ್ಳುವ ಭಾಗ) 2 ಡಿಗ್ರಿ, ಕಂಡೆನ್ಸರ್ (ಶಾಖ ಬಿಟ್ಟುಕೊಡುವ ಭಾಗ) 97 ಡಿಗ್ರಿ ಎಂದಿಟ್ಟುಕೊಳ್ಳಿ. ಸಿದ್ಧಾಂತದ ಗರಿಷ್ಠವಾದ ಕಾರ್ನೋ ಮಿತಿ 370 (97 ಡಿಗ್ರಿ, ಕೆಲ್ವಿನ್‌ನಲ್ಲಿ) ಭಾಗಿಸು 95, ಅಂದರೆ 3.9. ನಿಜವಾದ ಯಂತ್ರ ಅದರ ಶೇ 55ರಷ್ಟು ಕೊಟ್ಟರೆ ಸಿಒಪಿ (ಒಂದು ಪಾಲು ವಿದ್ಯುತ್ತಿಗೆ ಸಿಗುವ ಶಾಖದ ಪಾಲು) 2.1. ಅದೇ ಸಪ್ಲೈ 75ಕ್ಕೆ ಸಾಕು ಎಂದಾದರೆ ಕಂಡೆನ್ಸರ್ 77, ಸಿಒಪಿ 2.6. ವಿದ್ಯುತ್ ಬಳಕೆಯಲ್ಲಿ ಸುಮಾರು ಆರನೇ ಒಂದು ಭಾಗ ಉಳಿತಾಯ.

‘ಹಾಗಾದರೆ ಸಪ್ಲೈ 75ಕ್ಕೆ ಇಳಿಸಿಬಿಡೋಣ’ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಲೆಕ್ಕ ಹಾಕಿ ನೋಡಿ. 20 ಮೆಗಾವ್ಯಾಟ್ ಸಾಗಿಸಲು 35 ಡಿಗ್ರಿ ಅಂತರವಿದ್ದರೆ ಸೆಕೆಂಡಿಗೆ 137 ಕೆ.ಜಿ. ನೀರು ಸಾಕು. ರಿಟರ್ನ್ 60ರಲ್ಲೇ ಉಳಿದು ಸಪ್ಲೈ ಮಾತ್ರ 75ಕ್ಕೆ ಬಂದರೆ ಅಂತರ 15, ಹರಿವು ಸೆಕೆಂಡಿಗೆ 319 ಕೆ.ಜಿ. ಅಂದರೆ 2.3 ಪಟ್ಟು. ಒತ್ತಡದ ನಷ್ಟ ಹರಿವಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 5.4 ಪಟ್ಟು, ಪಂಪ್ ಶಕ್ತಿ 12 ಪಟ್ಟಿಗೂ ಹೆಚ್ಚು. ಈಗಿರುವ ಕೊಳವೆಗಳಲ್ಲಿ ಅದು ಸಾಗುವುದೇ ಇಲ್ಲ. ಜಾಲದ ಕೊನೆಯ ಕಟ್ಟಡಗಳಿಗೆ ಡಿಫರೆನ್ಷಿಯಲ್ ಪ್ರೆಷರ್ (ನೀರನ್ನು ತಳ್ಳುವ ಒತ್ತಡದ ಅಂತರ) ಸಿಗದೆ ಮೊದಲ ಚಳಿಗೇ ದೂರು ಶುರುವಾಗುತ್ತದೆ. ಆಪರೇಟರ್ ಏನು ಮಾಡುತ್ತಾನೆ? ಸಪ್ಲೈ ಮತ್ತೆ 95ಕ್ಕೆ ಏರಿಸುತ್ತಾನೆ. ಅಲ್ಲಿಗೆ ಯೋಜನೆ ಮುಗಿಯಿತು.

ಈಗ ಇದನ್ನೇ ತಿರುಗಿಸಿ. ರಿಟರ್ನ್ 40ಕ್ಕೆ ಇಳಿದರೆ 75/40ರಲ್ಲೂ ಅಂತರ 35. ಹರಿವು ಅಷ್ಟೇ, ಕೊಳವೆ ಅದೇ, ಪಂಪ್ ಅದೇ. ಒಂದು ಮೀಟರ್ ಕೊಳವೆಯನ್ನೂ ಅಗೆಯಬೇಕಿಲ್ಲ.

ಸಪ್ಲೈ ಇಳಿಸದೆ ಹೀಟ್ ಪಂಪನ್ನು ಪೂರ್ವಕಾಯಿಸಲು ಮಾತ್ರ ಬಳಸಿದರೂ ಇದೇ ಕಥೆ. ಅಮೋನಿಯಾ ಯಂತ್ರ 80ರ ತನಕ ಕಾಯಿಸಿ, ಉಳಿದದ್ದನ್ನು ಬಾಯ್ಲರ್ ಏರಿಸುತ್ತದೆ ಎನ್ನೋಣ. ರಿಟರ್ನ್ 60 ಇದ್ದರೆ ಯಂತ್ರ ಎಷ್ಟೇ ದೊಡ್ಡದಿರಲಿ, 35ರಲ್ಲಿ 20 ಡಿಗ್ರಿ ಮಾತ್ರ ಅದರ ಪಾಲು, ಶೇ 57. ರಿಟರ್ನ್ 40 ಇದ್ದರೆ 55ರಲ್ಲಿ 40, ಶೇ 73. ಕಾರ್ಬನ್ ಡೈಆಕ್ಸೈಡ್ ಯಂತ್ರವಾದರೆ ಇನ್ನೂ ಕಟ್ಟುನಿಟ್ಟು. ಅದರಲ್ಲಿ ಅನಿಲ ಒಂದೇ ತಾಪಮಾನದಲ್ಲಿ ದ್ರವವಾಗುವುದಿಲ್ಲ. ನೀರಿಗೆ ಶಾಖ ಕೊಡುವ ಗ್ಯಾಸ್ ಕೂಲರಿನ ಉದ್ದಕ್ಕೂ ತಣಿಯುತ್ತಾ ಹೋಗುತ್ತದೆ. ಒಳಬರುವ ನೀರು 30–40 ಇದ್ದರೆ ಸೊಗಸಾಗಿ ಓಡುತ್ತದೆ, 60 ಇದ್ದರೆ ಸಿಒಪಿ ನೆಲ ಕಚ್ಚುತ್ತದೆ. ಡೆನ್ಮಾರ್ಕಿನ ಎಸ್ಬ್ಯೆರ್ಗ್‌ನಲ್ಲಿ ಕಲ್ಲಿದ್ದಲು ಸ್ಥಾವರದ ಜಾಗಕ್ಕೆ ಬಂದವುಗಳಲ್ಲಿ ಸಮುದ್ರದ ನೀರಿನಿಂದ ಶಾಖ ಎಳೆಯುವ ಈ ಜಾತಿಯ ಯಂತ್ರಗಳೂ ಇವೆ. ಅಲ್ಲಿ ಯಂತ್ರ ನೋಡಿ ಬಂದು, ಅದನ್ನೇ 60 ಡಿಗ್ರಿ ರಿಟರ್ನ್ ಇರುವ ಜಾಲಕ್ಕೆ ಕೂರಿಸಿದರೆ ಫಲಿತಾಂಶ ಅದೇ ಬರುವುದಿಲ್ಲ.

ಎಷ್ಟು ಇಳಿಸಬಹುದು ಎಂದು ಕೇಳಿದರೆ, ಸ್ವೀಡನ್ನಿನ ಜಾಲಗಳ ವಾರ್ಷಿಕ ಸರಾಸರಿ 86/47ರ ಆಸುಪಾಸು. ಅದೂ ಆದರ್ಶವೇನಲ್ಲ, ಅಲ್ಲಿಯೂ ಕಟ್ಟಡಗಳೊಳಗಿನ ದೋಷಗಳು ಸೇರಿಯೇ ಆ 47 ಬಂದಿರುವುದು.

---

ಪ್ಲಾಂಟ್‌ರೂಮ್

ಮೇಲಿನವರು ಹೇಳಿದ್ದು ಸರಿ. ಆದರೆ ರಿಟರ್ನ್ ಇಳಿದ ಮಾತ್ರಕ್ಕೆ ಸ್ಥಾವರದ ಕಡೆ ಎಲ್ಲ ಸಲೀಸಾಗುವುದಿಲ್ಲ.

ಮೊದಲು ನದಿ. 5 ಮೆಗಾವ್ಯಾಟ್ ಶಾಖ, ಸಿಒಪಿ 2.5 ಎಂದರೆ ನದಿಯಿಂದ ಎಳೆಯಬೇಕಾದ್ದು 3 ಮೆಗಾವ್ಯಾಟ್. ನೀರನ್ನು 3 ಡಿಗ್ರಿ ತಣಿಸುವುದಾದರೆ ಗಂಟೆಗೆ ಸುಮಾರು 860 ಘನಮೀಟರ್ ನೀರು ಬೇಕು. ನದಿಯ ನೀರೇ 2 ಡಿಗ್ರಿಗೆ ಇಳಿದ ದಿನ 3 ಡಿಗ್ರಿ ತಣಿಸಲು ಆಗದು, ಇವಾಪರೇಟರಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಯಾವ ದಿನ ಊರಿಗೆ ಶಾಖ ಅತಿ ಹೆಚ್ಚು ಬೇಕೋ ಅದೇ ದಿನ ಯಂತ್ರ ನಿಲ್ಲುತ್ತದೆ, ಊಟಕ್ಕಿಲ್ಲದ ಉಪ್ಪಿನಕಾಯಿ. ಹಾಗಾಗಿ ಗ್ಯಾಸ್ ಬಾಯ್ಲರುಗಳನ್ನು ಪೂರ್ತಿ 20 ಮೆಗಾವ್ಯಾಟಿಗೂ ಉಳಿಸಿಕೊಳ್ಳಲೇಬೇಕು. ಅವುಗಳ ನಿರ್ವಹಣೆ, ತಪಾಸಣೆ, ಗ್ಯಾಸ್ ಸಂಪರ್ಕದ ಸ್ಥಿರ ಶುಲ್ಕ ಯಾವುದೂ ತಪ್ಪುವುದಿಲ್ಲ. ಊರಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಇದ್ದರೆ ನದಿಗಿಂತ ಮೊದಲು ಅದನ್ನು ನೋಡಿ. ಚಳಿಗಾಲದಲ್ಲೂ ಅದರ ಹೊರಹರಿವು ನದಿಗಿಂತ ಬೆಚ್ಚಗಿರುತ್ತದೆ. ಹೆಲ್ಸಿಂಕಿಯ ಕತ್ರಿ ವಾಲಾ ಸ್ಥಾವರ 2006ರಿಂದ ಓಡುತ್ತಿರುವುದು ಇಂಥ ನೀರಿನ ಮೇಲೆಯೇ.

ಇನ್ನು ವಿದ್ಯುತ್. ಆ 5 ಮೆಗಾವ್ಯಾಟ್ ಯಂತ್ರಕ್ಕೆ 2 ಮೆಗಾವ್ಯಾಟ್ ವಿದ್ಯುತ್ ಸಂಪರ್ಕ ಬೇಕು. ಹಳೆಯ ಬಾಯ್ಲರ್ ಮನೆಗೆ ಇರುವುದು ಪಂಪು, ಫ್ಯಾನುಗಳಿಗೆ ಸಾಕಾಗುವಷ್ಟು. ಹೊಸ ಟ್ರಾನ್ಸ್‌ಫಾರ್ಮರ್, ಮಧ್ಯಮ ವೋಲ್ಟೇಜ್ ಕೇಬಲ್, ವಿತರಣಾ ಕಂಪನಿಯ ಒಪ್ಪಿಗೆ ಎಲ್ಲ ಆಗಬೇಕು. ಹೀಟ್ ಪಂಪಿಗೆ ಆರ್ಡರ್ ಕೊಡುವ ಮುನ್ನ ಸಂಪರ್ಕದ ಅರ್ಜಿ ಹೋಗಿರಬೇಕು. ಎಷ್ಟೋ ಯೋಜನೆಗಳಲ್ಲಿ ಇದು ತಿರುವುಮುರುವು ಆಗುತ್ತದೆ.

ಮರದ ಚಿಪ್ಸ್ ಬಗ್ಗೆ. 8 ಮೆಗಾವ್ಯಾಟ್ ಬಾಯ್ಲರ್ ಹಾಕಿದರೆ ಕಾಗದದ ಮೇಲೆ ವರ್ಷದ ಬೇಡಿಕೆಯ ಮುಕ್ಕಾಲು ಭಾಗ ಅದೇ ಕೊಡಬಲ್ಲದು. ವರದಿ 30ಕ್ಕೆ ನಿಲ್ಲಲು ಲಾರಿಯೇ ಕಾರಣವಿರಬಹುದು, ಒಮ್ಮೆ ವಿಚಾರಿಸಿ. ಹಸಿ ಚಿಪ್ಸ್‌ನ ಒಂದು ಘನಮೀಟರಿಗೆ ಸುಮಾರು 0.8 ಮೆಗಾವ್ಯಾಟ್‌ಗಂಟೆ. ಪೂರ್ತಿ ಹೊರೆಯಲ್ಲಿ, ದಕ್ಷತೆ ಶೇ 88 ಎಂದಿಟ್ಟುಕೊಂಡರೆ ಗಂಟೆಗೆ 11 ಘನಮೀಟರ್ ದಾಟುತ್ತದೆ, ದಿನಕ್ಕೆ 270. ತೊಂಬತ್ತು ಘನಮೀಟರಿನ ಲಾರಿ ದಿನಕ್ಕೆ ಮೂರು. ವಾರಾಂತ್ಯ ಲಾರಿ ಬರದಿದ್ದರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ 60 ಗಂಟೆಗೆ 680 ಘನಮೀಟರ್ ದಾಸ್ತಾನು ಇರಬೇಕು. ಬಾಯ್ಲರ್ ಮನೆ ಊರ ನಡುವೆ ಇದ್ದರೆ ಜಾಗವೂ ಇಲ್ಲ, ಲಾರಿ ತಿರುಗಿಸಲು ಅಂಗಳವೂ ಇಲ್ಲ.

ಚಿಪ್ಸ್ ಜೊತೆ ಮಣ್ಣು ಮರಳು ಬಂದರೆ ಗ್ರೇಟ್ (ಇಂಧನ ಉರಿಯುವ ಜಾಲರಿ) ಮೇಲೆ ಬೂದಿ ಕರಗಿ ಗಟ್ಟಿ ಹೆಂಟೆ ಕಟ್ಟುತ್ತದೆ. ಕಾಡಿನ ನೆಲದ ಮೇಲೆ ಎಳೆದು ತಂದ ರೆಂಬೆಕೊಂಬೆಗಳಲ್ಲಿ ಇದು ಜಾಸ್ತಿ. ಖರೀದಿ ಒಪ್ಪಂದದಲ್ಲಿ ತೇವಾಂಶದ ಜೊತೆಗೆ ಬೂದಿಯ ಪ್ರಮಾಣಕ್ಕೂ ಮಿತಿ ಹಾಕಿ, ತೂಕದ ಲೆಕ್ಕದಲ್ಲಿ ಕೊಳ್ಳದೆ ಬಾಯ್ಲರಿನಿಂದ ಹೊರಬಂದ ಶಾಖದ ಮೀಟರ್ ಲೆಕ್ಕದಲ್ಲಿ ಹಣ ಕೊಡಿ. ನೀರು ಸುರಿದ ಚಿಪ್ಸ್ ತಂದುಹಾಕುವ ಚಪಲ ತಾನಾಗಿ ನಿಲ್ಲುತ್ತದೆ.

ರಿಟರ್ನ್ ಇಲ್ಲೂ ಕಾಡುತ್ತದೆ. ಹಸಿ ಚಿಪ್ಸ್ ಹೊಗೆಯ ಇಬ್ಬನಿ ಬಿಂದು (ಅದರ ಆವಿ ನೀರಾಗಲು ಶುರುವಾಗುವ ತಾಪಮಾನ) 60–65 ಡಿಗ್ರಿ. ಹೊಗೆಯ ಆವಿಯಿಂದ ಶಾಖ ಹಿಡಿಯುವ ಫ್ಲೂ ಗ್ಯಾಸ್ ಕಂಡೆನ್ಸರಿಗೆ 60ರ ನೀರು ಕೊಟ್ಟರೆ ಸಿಗುವುದು ಏನೂ ಇಲ್ಲ. 40–45ರ ನೀರು ಕೊಟ್ಟರೆ ಅದೇ ಇಂಧನದಲ್ಲಿ ಬಾಯ್ಲರ್ ಉತ್ಪಾದನೆಯ ಶೇ 15–20ರಷ್ಟು ಹೆಚ್ಚುವರಿ ಶಾಖ ಬರುತ್ತದೆ.

ಬೇಸಿಗೆಯಲ್ಲಿ ಮತ್ತೊಂದು ತೊಡಕು. ಈ ಬಾಯ್ಲರ್ ಪೂರ್ತಿ ಹೊರೆಯ ಶೇ 25–30ಕ್ಕಿಂತ ಕೆಳಗೆ ಸರಿಯಾಗಿ ಉರಿಯದು, ಅಂದರೆ 2ರಿಂದ 2.4 ಮೆಗಾವ್ಯಾಟ್. ನಿಮ್ಮ ಬೇಸಿಗೆ ಹೊರೆಯೇ 2. ಬಿಸಿನೀರು ಕೂಡಿಡುವ ಟ್ಯಾಂಕ್ ಇಲ್ಲದಿದ್ದರೆ ಆರಿಸಿ ಹೊತ್ತಿಸುತ್ತಾ ಇರಬೇಕು, ಹೊಗೆ ಮತ್ತು ಟಾರ್ ಆಗ. 500 ಘನಮೀಟರ್ ಟ್ಯಾಂಕಿಗೆ 75/55ರಲ್ಲಿ 11.6 ಮೆಗಾವ್ಯಾಟ್‌ಗಂಟೆ ಹಿಡಿಯುತ್ತದೆ, ನಿಮ್ಮ ಬೇಸಿಗೆಯ ಆರು ಗಂಟೆಗೂ ಸಾಲದು. ರಿಟರ್ನ್ 35 ಇದ್ದರೆ ಅದೇ ಟ್ಯಾಂಕಿನಲ್ಲಿ ಎರಡರಷ್ಟು.

---

ದರಪಟ್ಟಿ

ಇಬ್ಬರ ಲೆಕ್ಕವೂ ಸರಿ. ಆದರೆ ರಿಟರ್ನ್ 60ರಲ್ಲೇ ಉಳಿದಿರುವುದೇಕೆ? ಅದನ್ನು ಇಳಿಸಿದವನಿಗೆ ಏನೂ ಸಿಗುವುದಿಲ್ಲ, ಅದಕ್ಕೆ. ವಾಲ್ವ್ ಇರುವುದು ಕಟ್ಟಡದ ಮಾಲೀಕನ ನೆಲಮಾಳಿಗೆಯಲ್ಲಿ, ರಿಪೇರಿ ಖರ್ಚು ಅವನದು, ಉಳಿತಾಯ ಶಾಖ ಕಂಪನಿಯದು. ಬಿಲ್ಲು ಬರೀ ಮೆಗಾವ್ಯಾಟ್‌ಗಂಟೆ ಲೆಕ್ಕದಲ್ಲಿದ್ದರೆ ಅವನೇಕೆ ಕೈ ಹಾಕುತ್ತಾನೆ? ಚದರಮೀಟರ್ ಲೆಕ್ಕದ ಬಿಲ್ಲಾದರೆ ಇನ್ನೂ ಕಷ್ಟ, ಅಲ್ಲಿ ಸೆಕೆ ಆದಾಗ ಕಿಟಕಿ ತೆರೆಯುವುದೇ ನಿಯಂತ್ರಣ. ಡೆನ್ಮಾರ್ಕಿನ ಹಲವು ಜಾಲಗಳಲ್ಲಿ ರಿಟರ್ನ್ ತಾಪಮಾನಕ್ಕೆ ಡಿಗ್ರಿ ಲೆಕ್ಕದಲ್ಲಿ ರಿಯಾಯಿತಿ ಮತ್ತು ದಂಡ ಇದೆ. ನಿಮ್ಮ ದರಪಟ್ಟಿಗೆ ಆ ಒಂದು ಸಾಲು ಸೇರಿಸದೆ ಹೀಟ್ ಪಂಪ್ ಲೆಕ್ಕ ಮುಂದುವರಿಸಬೇಡಿ.

ಎರಡನೆಯದು ಬೆಲೆಗಳ ಅನುಪಾತ. ಹೀಟ್ ಪಂಪ್ ಶಾಖದ ಇಂಧನ ವೆಚ್ಚ ಎಂದರೆ ವಿದ್ಯುತ್ ಬೆಲೆ ಭಾಗಿಸು ಸಿಒಪಿ. ಗ್ಯಾಸಿನದು ಗ್ಯಾಸ್ ಬೆಲೆ ಭಾಗಿಸು 0.9. ಸಿಒಪಿ 2.4 ಆದರೆ ವಿದ್ಯುತ್ ಬೆಲೆ ಗ್ಯಾಸಿನ 2.7 ಪಟ್ಟು ದಾಟಿದ ಕೂಡಲೇ ಯಂತ್ರ ಸುಮ್ಮನೆ ನಿಂತಿರುತ್ತದೆ. ಇಲ್ಲಿ ‘ವಿದ್ಯುತ್ ಬೆಲೆ’ ಎಂದರೆ ಮಾರುಕಟ್ಟೆ ಬೆಲೆ ಅಲ್ಲ, ತೆರಿಗೆ, ಜಾಲಶುಲ್ಕ, ಗರಿಷ್ಠ ಬೇಡಿಕೆ ಶುಲ್ಕ ಎಲ್ಲ ಸೇರಿದ್ದು. ಡೆನ್ಮಾರ್ಕ್ 2021ರಲ್ಲಿ ಶಾಖಕ್ಕೆ ಬಳಸುವ ವಿದ್ಯುತ್ತಿನ ತೆರಿಗೆಯನ್ನು ಹೆಸರಿಗಷ್ಟೇ ಉಳಿಯುವಂತೆ ಇಳಿಸಿತು. ದೊಡ್ಡ ಯಂತ್ರಗಳು ಅಲ್ಲಿ ಲಾಭದಲ್ಲಿ ಓಡಲು ತಂತ್ರಜ್ಞಾನದಷ್ಟೇ ಇದೂ ಕಾರಣ.

ಜರ್ಮನಿಯಲ್ಲಿ 2024ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಶಾಖ ಜಾಲಗಳು 2030ಕ್ಕೆ ಶೇ 30, 2040ಕ್ಕೆ ಶೇ 80, 2045ಕ್ಕೆ ಪೂರ್ತಿ ನವೀಕರಿಸಬಹುದಾದ ಅಥವಾ ತ್ಯಾಜ್ಯ ಶಾಖ ಬಳಸಬೇಕು. ಅದೇ ದೇಶದ ಬಾಡಿಗೆ ಕಾನೂನಿನಲ್ಲಿ, ಮನೆ ಮಾಲೀಕ ಸ್ವಂತ ಬಾಯ್ಲರ್ ಬಿಟ್ಟು ಇಂಥ ಜಾಲಕ್ಕೆ ಸೇರಿ ಅದರ ವೆಚ್ಚವನ್ನು ಬಾಡಿಗೆದಾರರಿಗೆ ಹಾಕಬೇಕಾದರೆ ಅದು ಹಿಂದಿನ ವೆಚ್ಚವನ್ನು ಮೀರುವಂತಿಲ್ಲ. ಹಳೆಯ ಗ್ಯಾಸ್ ಬಿಲ್ಲಿನ ಜೊತೆ ಹೊಸ ಸ್ಥಾವರ ಸೆಣಸಬೇಕು. ಒಂದು ಕಾನೂನು ಮುಂದಕ್ಕೆ ಎಳೆದರೆ ಇನ್ನೊಂದು ಹಿಂದಕ್ಕೆ. ವರದಿಯ ‘ಸಾಂಸ್ಥಿಕ ಅಡೆತಡೆ’ ಎಂಬ ಮಾತಿನ ಅರ್ಥ ಹೆಚ್ಚುಕಡಿಮೆ ಇದೇ.

ನಿಮ್ಮಲ್ಲಿ ಗ್ಯಾಸ್ ಮಾತ್ರ ಇದೆ, ಅದೊಂದು ಅನುಕೂಲ. ಕಸ ಸುಡುವ ಸ್ಥಾವರದ ಜೊತೆ ದೀರ್ಘಾವಧಿ ಖರೀದಿ ಒಪ್ಪಂದ ಇರುವ ಜಾಲಗಳಲ್ಲಿ ಬೇಸಿಗೆಯ ಹೊರೆಯೆಲ್ಲ ಅದಕ್ಕೇ ಮೀಸಲು, ಸೋಲಾರಿಗೆ ಕಾಲಿಡಲು ಜಾಗವೇ ಇರುವುದಿಲ್ಲ.

---

ಜಾಲವಿನ್ಯಾಸ

ತುಂಬಾ ಉಪಯೋಗವಾಯಿತು, ಮೂವರಿಗೂ ಧನ್ಯವಾದ. ಎರಡು ಪ್ರಶ್ನೆ. 180 ಸಬ್‌ಸ್ಟೇಷನ್‌ಗಳಲ್ಲಿ ಎಲ್ಲಿಂದ ಶುರು ಮಾಡುವುದು? ರಿಟರ್ನ್ ಅತಿ ಹೆಚ್ಚಿರುವ ಕಟ್ಟಡದಿಂದಲೇ? ಇನ್ನೊಂದು, ಸಪ್ಲೈ ತಗ್ಗಿಸಿದರೆ ನಲ್ಲಿಯ ಬಿಸಿನೀರಿನಲ್ಲಿ ಲೀಜಿಯೊನೆಲ್ಲಾ (ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ) ಬೆಳೆಯುವುದಿಲ್ಲವೇ?

---

ತಾಪಲೆಕ್ಕ

ರಿಟರ್ನ್ ಅತಿ ಹೆಚ್ಚಿರುವಲ್ಲಿಂದ ಬೇಡ. ‘ಹೆಚ್ಚುವರಿ ಹರಿವು’ ಅತಿ ಹೆಚ್ಚಿರುವಲ್ಲಿಂದ ಶುರು ಮಾಡಿ.

ಶಾಖದ ಮೀಟರಿನಲ್ಲಿ ಶಕ್ತಿ ಮತ್ತು ನೀರಿನ ಪ್ರಮಾಣ ಎರಡೂ ದಾಖಲಾಗಿರುತ್ತವೆ. 860ನ್ನು ಡಿಗ್ರಿ ಅಂತರದಿಂದ ಭಾಗಿಸಿದರೆ ಒಂದು ಮೆಗಾವ್ಯಾಟ್‌ಗಂಟೆಗೆ ಎಷ್ಟು ಘನಮೀಟರ್ ಎಂದು ಬರುತ್ತದೆ. ಗುರಿ 45 ಡಿಗ್ರಿ ಅಂತರ ಎಂದಿಟ್ಟುಕೊಂಡರೆ 19.1. ವರ್ಷಕ್ಕೆ 400 ಮೆಗಾವ್ಯಾಟ್‌ಗಂಟೆ ಬಳಸುವ ಅಪಾರ್ಟ್‌ಮೆಂಟ್ 25 ಡಿಗ್ರಿ ಅಂತರದಲ್ಲಿ ಓಡುತ್ತಿದ್ದರೆ 13,760 ಘನಮೀಟರ್ ಎಳೆಯುತ್ತದೆ, ಬೇಕಿದ್ದದ್ದು 7,640. ಹೆಚ್ಚುವರಿ 6,100. ಪಕ್ಕದ ಒಂಟಿ ಮನೆ 20 ಮೆಗಾವ್ಯಾಟ್‌ಗಂಟೆ ಬಳಸುತ್ತದೆ, ಅಂತರ ಬರೀ 12 ಡಿಗ್ರಿ. ನೋಡಲು ಇದೇ ಕೆಟ್ಟದ್ದು, ಆದರೆ ಹೆಚ್ಚುವರಿ ಸುಮಾರು 1,050 ಘನಮೀಟರ್ ಅಷ್ಟೇ. ಮೊದಲು ಅಪಾರ್ಟ್‌ಮೆಂಟಿಗೆ ಹೋಗಿ. ಪಟ್ಟಿ ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಮೇಲಿನ ಕೆಲವೇ ಹೆಸರುಗಳು ಇಡೀ ಜಾಲದ ರಿಟರ್ನನ್ನು ಎತ್ತಿ ಹಿಡಿದಿರುವುದು ಕಾಣುತ್ತದೆ.

ಅಲ್ಲಿ ಹೋಗಿ ಮೊದಲು ಕಂಟ್ರೋಲರಿನ ಸೆಟ್ ಪಾಯಿಂಟ್ ನೋಡಿ. ಸೆಕೆಂಡರಿಗೆ (ಕಟ್ಟಡದೊಳಗಿನ ನೀರಿಗೆ) ಕೇಳಿರುವ ತಾಪಮಾನ ಪ್ರೈಮರಿ (ಜಾಲದ ಕಡೆಯ) ಸಪ್ಲೈಗಿಂತ ಹೆಚ್ಚಿದ್ದರೆ ವಾಲ್ವ್ ಸದಾ ಪೂರ್ತಿ ತೆರೆದೇ ಇರುತ್ತದೆ. ಎಷ್ಟು ತೆರೆದರೂ ಆ ತಾಪಮಾನ ಬರುವುದಿಲ್ಲ, ಬಿಸಿನೀರು ಹಾಗೇ ಹಾದು ರಿಟರ್ನಿಗೆ ಹೋಗುತ್ತದೆ. ರಿಪೇರಿಗೆ ಬೇಕಾದ್ದು ಒಂದು ಗುಂಡಿ ಒತ್ತುವುದು. ಆಮೇಲೆ ಸೆನ್ಸರ್: ಪಾಕೆಟಿನಿಂದ ಅರ್ಧ ಹೊರಬಂದು ಗಾಳಿಯ ತಾಪಮಾನ ಓದುತ್ತಿದ್ದರೂ ಇದೇ ಪರಿಣಾಮ.

ಮೂರನೆಯದು ವಾಲ್ವ್ ಗಾತ್ರ. 100 ಕಿಲೋವ್ಯಾಟಿಗೆ 35 ಡಿಗ್ರಿ ಅಂತರದಲ್ಲಿ ಗಂಟೆಗೆ 2.46 ಘನಮೀಟರ್ ಬೇಕು. ವಾಲ್ವ್ ಮೇಲೆ 0.5 ಬಾರ್ ಒತ್ತಡವಿದ್ದರೆ ಬೇಕಾದ ಕೆವಿ (1 ಬಾರ್ ಒತ್ತಡದಲ್ಲಿ ವಾಲ್ವ್ ಗಂಟೆಗೆ ಬಿಡುವ ಘನಮೀಟರ್) 3.5, ಅಂದರೆ ಕೆವಿಎಸ್ (ಪೂರ್ತಿ ತೆರೆದಾಗಿನ ಕೆವಿ) 4ರ ವಾಲ್ವ್. ಹಳೆಯ ನೆಲಮಾಳಿಗೆಗಳಲ್ಲಿ ‘ಇರಲಿ’ ಎಂದು ಹಾಕಿದ ಕೆವಿಎಸ್ 10 ಸಿಗುತ್ತದೆ. ಕಡಿಮೆ ಹೊರೆಯಲ್ಲಿ ಅದು ಕೂದಲೆಳೆಯಷ್ಟು ತೆರೆದು, ಮುಚ್ಚಿ, ಮತ್ತೆ ತೆರೆದು ಓಲಾಡುತ್ತದೆ. ಪ್ರತಿ ಸಲ ತೆರೆದಾಗಲೂ ಒಂದು ಗುಕ್ಕು ಬಿಸಿನೀರು ರಿಟರ್ನಿಗೆ. ನಿಮಿಷಕ್ಕೊಮ್ಮೆ ರಿಟರ್ನ್ ದಾಖಲಿಸಿದರೆ ಗರಗಸದ ಹಲ್ಲಿನಂಥ ಗೆರೆ ಬರುತ್ತದೆ. ಸರಾಸರಿ ಮಾತ್ರ ನೋಡಿದರೆ ಈ ದೋಷ ಕಾಣದು.

ಮುಂದೆ, ಕಾರ್ಯಾರಂಭದ ಹೊತ್ತಿಗೆ ಕೊಳವೆ ತೊಳೆಯಲು ತೆರೆದು ಮುಚ್ಚದೇ ಬಿಟ್ಟ ಬೈಪಾಸ್, ಸುಣ್ಣ ಕಟ್ಟಿದ ಪ್ಲೇಟ್ ಎಕ್ಸ್‌ಚೇಂಜರ್, ವಾತಾಯನ ಕಾಯಿಲಿನ ಮೇಲೆ ಪ್ರೈಮರಿಯನ್ನು ನೇರ ರಿಟರ್ನಿಗೆ ತಿರುಗಿಸುವ ತ್ರೀವೇ ವಾಲ್ವ್. ಇವೆಲ್ಲ ಮುಗಿದ ಮೇಲೆ ರೇಡಿಯೇಟರುಗಳ ಬ್ಯಾಲೆನ್ಸಿಂಗ್, ಅಂದರೆ ಒಂದೊಂದಕ್ಕೂ ಬೇಕಾದಷ್ಟೇ ಹರಿವು ಹಂಚುವುದು. ಥರ್ಮೋಸ್ಟಾಟಿಕ್ ವಾಲ್ವಿನ ಪ್ರಿಸೆಟ್ಟಿಂಗ್ (ಗರಿಷ್ಠ ಹರಿವಿನ ಮಿತಿ) ಎಲ್ಲವೂ ಪೂರ್ತಿ ತೆರೆದಿದ್ದರೆ ಹತ್ತಿರದ ಫ್ಲಾಟಿನಲ್ಲಿ ಬೆವರು, ಕೊನೆಯ ಫ್ಲಾಟಿನಲ್ಲಿ ನಡುಕ. ಇದು ಕೋಣೆ ಕೋಣೆಗೆ ಹೋಗಿ ಮಾಡುವ ಕೆಲಸ, ಅಗ್ಗವಲ್ಲ.

ಲೀಜಿಯೊನೆಲ್ಲಾ ಪ್ರಶ್ನೆ ಸರಿಯಾದದ್ದೇ, ಬೇಸಿಗೆ ರಿಟರ್ನ್ 55 ಇರುವುದಕ್ಕೂ ಅದೇ ಮೂಲ. ಜರ್ಮನಿಯ ಡಬ್ಲ್ಯು 551 ನಿಯಮದಲ್ಲಿ ದೊಡ್ಡ ವ್ಯವಸ್ಥೆಗಳಿಗೆ ಟ್ಯಾಂಕಿನ ಹೊರಹರಿವು 60, ಸುತ್ತಿ ಬರುವ ನೀರು 55ಕ್ಕಿಂತ ಕೆಳಗೆ ಹೋಗುವಂತಿಲ್ಲ. 55ರ ನೀರನ್ನು ಕಾಯಿಸಿ ಬಂದ ಪ್ರೈಮರಿ 55ಕ್ಕಿಂತ ತಣ್ಣಗಿರಲು ಹೇಗೆ ಸಾಧ್ಯ? ಟ್ಯಾಂಕ್ ತೆಗೆದು ಫ್ಲಾಟಿಗೊಂದು ಸ್ಟೇಷನ್ ಹಾಕಿದರೆ, ನೀರು ಬಳಸುವಾಗಲೇ ಪ್ಲೇಟ್ ಎಕ್ಸ್‌ಚೇಂಜರಿನಲ್ಲಿ ಕಾಯುತ್ತದೆ, ನಲ್ಲಿಯ ತನಕದ ಕೊಳವೆಯಲ್ಲಿ 3 ಲೀಟರಿಗಿಂತ ಕಡಿಮೆ ನೀರು ನಿಲ್ಲುತ್ತದೆ, ಆ ಮಿತಿಯೊಳಗೆ ಇದು ದೊಡ್ಡ ವ್ಯವಸ್ಥೆ ಎನಿಸುವುದಿಲ್ಲ. ಫ್ಲಾಟುಗಳ ಒಳಗೆ ಕೈ ಹಾಕಲು ಆಗದಿದ್ದರೆ ಸುತ್ತುವ ನೀರಿನ ನಷ್ಟವನ್ನಷ್ಟೇ ತುಂಬಲು ನೆಲಮಾಳಿಗೆಯಲ್ಲಿ ಸಣ್ಣ ಬೂಸ್ಟರ್ ಹೀಟ್ ಪಂಪ್ ಇಡಬಹುದು.

---

ಪ್ಲಾಂಟ್‌ರೂಮ್

ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ 2 ಮೆಗಾವ್ಯಾಟ್ ಎಂದರೆ ಸುಮಾರು 5.9 ಗಿಗಾವ್ಯಾಟ್‌ಗಂಟೆ, ವರ್ಷದ ಶೇ 12. ಋತುಮಾನದ ಸಂಗ್ರಹ (ಬೇಸಿಗೆಯ ಶಾಖವನ್ನು ಚಳಿಗಾಲಕ್ಕೆ ಕೂಡಿಡುವುದು) ಇಲ್ಲದೆ ಇದನ್ನು ಹೆಚ್ಚು ದಾಟಲು ಆಗದು. ಡೆನ್ಮಾರ್ಕಿನಂಥ ಬಿಸಿಲಿನಲ್ಲಿ ಚದರಮೀಟರಿಗೆ ವರ್ಷಕ್ಕೆ 400–450 ಕಿಲೋವ್ಯಾಟ್‌ಗಂಟೆ, ಹಾಗಾಗಿ ಅಷ್ಟಕ್ಕೇ ಸುಮಾರು 14,000 ಚದರಮೀಟರ್ ಕಲೆಕ್ಟರ್, ನೆಲ ಅದರ ಎರಡೂವರೆಯಿಂದ ಮೂರು ಪಟ್ಟು.

ಸಂಗ್ರಹ ಎಂದರೆ ಡೆನ್ಮಾರ್ಕಿನ ಡ್ರೋನಿಂಗ್‌ಲುಂಡ್‌ನಲ್ಲಿರುವಂಥ ಹೊಂಡ. 60,000 ಘನಮೀಟರ್ ನೀರು, ಕೆಳಗೆ ಪಾಲಿಮರ್ ಹಾಳೆ, ಮೇಲೆ ತೇಲುವ ನಿರೋಧಕ ಮುಚ್ಚಳ. 90ರಿಂದ ನಿಮ್ಮ 55 ಡಿಗ್ರಿ ರಿಟರ್ನ್ ತನಕ ಮಾತ್ರ ಖಾಲಿ ಮಾಡಿದರೆ ಸಿಗುವುದು 2,440 ಮೆಗಾವ್ಯಾಟ್‌ಗಂಟೆ. ಹೀಟ್ ಪಂಪ್ ಜೋಡಿಸಿ 15ರ ತನಕ ಇಳಿಸಿದರೆ 5,230. ಹೀಟ್ ಪಂಪಿಗೂ ಇದು ನದಿಗಿಂತ ಎಷ್ಟೋ ಒಳ್ಳೆಯ ಮೂಲ, ಕಡುಚಳಿಯಲ್ಲೂ ಹೆಪ್ಪುಗಟ್ಟುವ ಭಯವಿಲ್ಲ.

ಟೆಂಡರ್ ಬರೆಯುವಾಗ ಮುಚ್ಚಳದ ಬಗ್ಗೆ ಎರಡು ಪುಟ ಹೆಚ್ಚೇ ಬರೆಯಿರಿ. ಮೇಲೆ ಮಳೆನೀರು ನಿಂತು ತಗ್ಗಾಗುವುದು, ಕೆಳಗಿನಿಂದ ಆವಿ ಹಾಳೆಯೊಳಗೆ ನುಗ್ಗಿ ನಿರೋಧಕವನ್ನು ತೋಯಿಸುವುದು, ಇವೇ ಎರಡು ಈ ಹೊಂಡಗಳ ಹಳೆಯ ಕಾಯಿಲೆ. ನೀರು ಮಧ್ಯಕ್ಕೆ ಹರಿದು ಪಂಪಾಗುವ ಇಳಿಜಾರು, ನಿರೋಧಕದೊಳಗಿನ ತೇವ ಹೊರಹೋಗಲು ವೆಂಟ್, ಮತ್ತು ವರ್ಷಪೂರ್ತಿ 90 ಡಿಗ್ರಿಗೆ ಹಾಳೆಯ ಆಯುಷ್ಯದ ಲಿಖಿತ ಖಾತರಿ, ಈ ಮೂರನ್ನು ಕೇಳಿ.